ಹತ್ತು ಗಂಟೆಗೆ ಮುಗಿಯಬೇಕಾದ ಗೋವಾದ ಸಂಜೆಗೆ ಪ್ರೊಗ್ರೆಸಿವ್ ಹೌಸ್ ಮಿಕ್ಸ್ ಕಟ್ಟುವ ಬಗೆ

ಪದರಪದರವಾಗಿ ನಿಧಾನಕ್ಕೆ ಏರುವ ಎಲೆಕ್ಟ್ರಾನಿಕ್ ನೃತ್ಯಸಂಗೀತವಾದ ಪ್ರೊಗ್ರೆಸಿವ್ ಹೌಸ್ ಬೆಳೆದದ್ದು ರಾತ್ರಿಯಿಡೀ ನಡೆಯುವ ಕ್ಲಬ್ಬುಗಳಲ್ಲಿ. ಗೋವಾದ ಬಯಲಿನಲ್ಲಿ ಅದನ್ನು ನುಡಿಸಹೊರಟವರಿಗೆ ದೊರೆಯುವುದು ಹೆಚ್ಚೆಂದರೆ ಸಂಜೆ 7ರಿಂದ 10ರವರೆಗಿನ ಅವಧಿ; 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಕರಾವಳಿಯಿಂದ ಬಂದು ವಾಸ್ಕೊ, ಮಾಪುಸಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಇಕ್ಕಟ್ಟು ಹೊಸದೇನಲ್ಲ. ಯಕ್ಷಗಾನವು ಕಾಲಮಿತಿಗೆ ಇಳಿದಾಗ ಒಳ್ಳೆಯ ಭಾಗವತರು ಪದ್ಯಗಳನ್ನು ಓಡಿಸಲಿಲ್ಲ, ಆರಿಸಿ ಕಡಿಮೆ ಮಾಡಿದರು. ಧ್ವನಿಮುದ್ರಿತ ಟ್ರ್ಯಾಕುಗಳನ್ನು ಒಂದಕ್ಕೊಂದು ಬೆಸೆದು ನುಡಿಸುವ ಮಿಕ್ಸ್‌ನಲ್ಲಿಯೂ ಟ್ರ್ಯಾಕುಗಳನ್ನು ಕಡಿಮೆ ಮಾಡಬೇಕೇ ಹೊರತು ಒಂದರಿಂದ ಇನ್ನೊಂದಕ್ಕೆ ದಾಟುವ ಸಮಯವನ್ನಲ್ಲ.

ಮೊದಲು ಹಳೆಯ ಮಿಕ್ಸ್‌ಗಳನ್ನು ಗಡಿಯಾರ ಹಿಡಿದು ಕೇಳಬೇಕು. ಬ್ರಿಟಿಷ್ ಡಿಜೆಗಳಾದ ಸಾಶಾ ಮತ್ತು ಜಾನ್ ಡಿಗ್‌ವೀಡ್ ಇಂಗ್ಲೆಂಡಿನ ರಿನೇಸಾನ್ಸ್ ಕ್ಲಬ್ಬಿಗಾಗಿ 1994ರಲ್ಲಿ ಮಾಡಿದ ಮೂರು ಸೀಡಿಗಳ ಸಂಗ್ರಹ ಮತ್ತು 1996ರ 'ನಾರ್ದರ್ನ್ ಎಕ್ಸ್‌ಪೋಷರ್', ಇವೆರಡೇ ಅಭ್ಯಾಸಕ್ಕೆ ಸಾಕು. ಹೊಸ ಟ್ರ್ಯಾಕ್ ಯಾವ ಕ್ಷಣದಲ್ಲಿ ಒಳಬಂದಿತು, ಅದು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ ಎಂಬುದನ್ನು ಬರೆದುಕೊಳ್ಳಿ. ನಡುವಿನ ಅಂತರದಲ್ಲಿಯೇ ಕಲಿಯಬೇಕಾದದ್ದೆಲ್ಲ ಇದೆ. 1994ರಲ್ಲಿಯೇ ಬ್ರಿಟನ್ 'ಪುನರಾವರ್ತಿತ ಬಡಿತ'ದ ಸಂಗೀತವಿರುವ ಬಯಲುಕೂಟಗಳನ್ನು ತಡೆಯುವ ಕಾನೂನು ತಂದಿತು. ಇಂಥ ಬಯಲುಕೂಟಗಳಾದ ರೇವ್‌ಗಳ ಜನ ಪರವಾನಗಿಯುಳ್ಳ ಕ್ಲಬ್ಬುಗಳತ್ತ ಸರಿಯುತ್ತಿದ್ದ ಆ ದಶಕದ ಕೊನೆಗೆ, ಇದೇ ಜೋಡಿ ನ್ಯೂಯಾರ್ಕಿನ ಟ್ವೈಲೊ ಕ್ಲಬ್ಬಿನಲ್ಲಿ ರಾತ್ರಿಯಿಡೀ ನುಡಿಸುತ್ತಿತ್ತು. ಗೋವಾದ ಕಡಲತೀರದ ಊರಾದ ಅಂಜುನಾದ ಟ್ರಾನ್ಸ್ ಎಂಬ ನೃತ್ಯಸಂಗೀತ ಬೇರೆ ಕವಲು. ಬಿಸಿಲಿಗೆ ವಿನೈಲ್ ತಟ್ಟೆಗಳು ಬಾಗುವ ಆ ಊರಿನಲ್ಲಿ ಕ್ಯಾಸೆಟ್ ಮತ್ತು ಡ್ಯಾಟ್ ಎಂಬ ಡಿಜಿಟಲ್ ಟೇಪುಗಳೇ ಬಳಕೆಯಲ್ಲಿದ್ದವು. ಬೀಟ್ ಹೊಂದಿಸಿ ದೀರ್ಘವಾಗಿ ಬೆರೆಸುವುದು ಅವುಗಳಲ್ಲಿ ಕಷ್ಟವಾಗಿತ್ತು.

ಏಳೆಂಟು ನಿಮಿಷದ ಟ್ರ್ಯಾಕುಗಳು ಒಂದರ ಮೇಲೊಂದು ಎರಡು ನಿಮಿಷ ಹಾಯುವುದಾದರೆ ಮೂರು ಗಂಟೆಗೆ ಸುಮಾರು ಮೂವತ್ತು ಬೇಕಾಗುತ್ತವೆ. ನಿಮಿಷಕ್ಕೆ 120 ಬೀಟ್, ಅಂದರೆ 120 ಬಿಪಿಎಂನಿಂದ ಹೊರಟು 126ಕ್ಕೆ ಮುಟ್ಟಿದರೆ ಸಾಕು. ಕೀ (ಟ್ರ್ಯಾಕಿನ ಆಧಾರ ಸ್ವರಶ್ರೇಣಿ) ಹೊಂದಿಸಲು, ಕೀಗಳನ್ನು ಸಂಖ್ಯೆ ಮತ್ತು ಅಕ್ಷರಗಳಿಂದ ಗುರುತಿಸುವ ಕ್ಯಾಮೆಲಾಟ್ ಚಕ್ರವನ್ನು ನೋಡಿ: 8ಎ ಟ್ರ್ಯಾಕಿನ ಪಕ್ಕದಲ್ಲಿ 7ಎ, 9ಎ ಅಥವಾ 8ಬಿ ಕೂರುತ್ತದೆ. ವೇಗ ಬದಲಾದರೂ ಶ್ರುತಿಯನ್ನು ಹಿಡಿದಿಡುವ ಕೀ ಲಾಕ್ ಇಲ್ಲದೆ ವೇಗವನ್ನು ಶೇಕಡಾ 6ರಷ್ಟು ಏರಿಸಿದರೆ ಶ್ರುತಿ ಹತ್ತಿರಹತ್ತಿರ ಅರ್ಧ ಸ್ವರದಷ್ಟು ಮೇಲೇರುತ್ತದೆ ಎಂಬುದು ನೆನಪಿರಲಿ. ಆದರೆ ಚಕ್ರ ಒಪ್ಪಿದ ಮಾತ್ರಕ್ಕೆ ಎರಡು ಟ್ರ್ಯಾಕುಗಳು ಒಪ್ಪುವುದಿಲ್ಲ. ಕೊನೆಯ ತೀರ್ಪು ಕಿವಿಯದೇ.

ಇನ್ನು ದಾಟುವ ಕೆಲಸ. 124 ಬಿಪಿಎಂನಲ್ಲಿ ನಾಲ್ಕು ಬೀಟಿನ 32 ಬಾರ್‌ಗಳೆಂದರೆ 128 ಬೀಟ್, ಅಂದರೆ ಒಂದು ನಿಮಿಷಕ್ಕಿಂತ ಕೊಂಚ ಹೆಚ್ಚು. 64 ಬಾರ್‌ಗಳ ದಾಟು ಎರಡು ನಿಮಿಷವಾಗುತ್ತದೆ. ನುಡಿಯುತ್ತಿರುವ ಟ್ರ್ಯಾಕಿನಲ್ಲಿ ಬಾರ್‌ಗಳ ಹೊಸ ಸುತ್ತು ಆರಂಭವಾಗುವ ಮೊದಲ ಬೀಟಿಗೇ ಮುಂದಿನದನ್ನು ಬಿಡಿ. ಅದಕ್ಕೆ ಮುನ್ನ ಹೆಡ್‌ಫೋನಿನಲ್ಲಿ ಬೀಟ್ ಹೊಂದಿಸಿಕೊಂಡು, ಒಳಬರುವ ಟ್ರ್ಯಾಕಿನ ಬಾಸ್ ಅನ್ನು ಇಕ್ಯೂನಲ್ಲಿ (ತಗ್ಗು, ಮಧ್ಯ, ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಗುಂಡಿಗಳಲ್ಲಿ) ಪೂರ್ತಿ ಇಳಿಸಿರಬೇಕು. ಮೊದಲ 16 ಬಾರ್ ಹೈ-ಹ್ಯಾಟ್ ತಾಳದ ಸದ್ದು ಮಾತ್ರ ತೆಳ್ಳಗೆ ಕೇಳಲಿ, ಆಮೇಲೆ ಮಧ್ಯದ ಸ್ವರಗಳು ಮೇಲೇರಲಿ. 32ನೆಯ ಬಾರ್ ಮುಗಿದ ಕೂಡಲೇ ಒಂದರ ಬಾಸ್ ಇಳಿಸಿ, ಇನ್ನೊಂದರದನ್ನು ಅದೇ ಬೀಟಿನಲ್ಲಿ ಏರಿಸಿ. ಎರಡು ಬಾಸ್‌ಲೈನ್‌ಗಳು ಒಟ್ಟಿಗೆ ನುಡಿದರೆ ಕೇಳುವುದು ಬರೀ ಗುಂಯ್ ಗುಡುವಿಕೆ. ಹೋಗುತ್ತಿರುವ ಟ್ರ್ಯಾಕಿನ ಪ್ಯಾಡ್ (ಹಿನ್ನೆಲೆಯ ದೀರ್ಘ ಸ್ವರ) ಅಥವಾ ಕಂಠವನ್ನು ಇನ್ನೊಂದು ಸುತ್ತು ಉಳಿಸಿಕೊಳ್ಳುವುದು ನನಗೆ ಇಷ್ಟ, ಎರಡರಲ್ಲೂ ಮಾತಿರುವ ಹಾಡಿದ್ದರೆ ಮಾತ್ರ ಬೇಡ.

ಬಯಲಿನಲ್ಲಿ ಗೋಡೆಗಳಿಲ್ಲದ್ದರಿಂದ ಬಾಸ್ ತೆಳುವಾಗಿ ಕೇಳುತ್ತದೆ. ಅದಕ್ಕೆಂದು ಮಿಕ್ಸರಿನ ಮೀಟರನ್ನು ಕೆಂಪಿಗೆ ತಳ್ಳಿದರೆ ಧ್ವನಿ ಒಡೆಯುತ್ತದೆ. ಬಡಿತ ನಿಂತು ರಾಗ ಮಾತ್ರ ಉಳಿಯುವ ದೊಡ್ಡ ಬ್ರೇಕ್‌ಡೌನ್‌ಗಳನ್ನು 9 ಗಂಟೆಯವರೆಗೆ ಕಾಯ್ದಿಡಿ. ಏಳೂವರೆಗೇ ಜನರನ್ನು ಕುಣಿಸುವ ಆತುರದಲ್ಲಿ ಹಾಳಾಗುವ ಸೆಟ್‌ಗಳೇ ಹೆಚ್ಚು. ಕೊನೆಯ ಟ್ರ್ಯಾಕನ್ನು ಮೊದಲೇ ನಿಶ್ಚಯಿಸಿಕೊಂಡು ಅದರ ಉದ್ದವನ್ನು 9.55ರಿಂದ ಹಿಂದಕ್ಕೆ ಎಣಿಸಿ: ಎಂಟು ನಿಮಿಷದ್ದಾದರೆ 9.47ಕ್ಕೆ ಅದು ಆರಂಭವಾಗಿರಬೇಕು. ಹಾಗಾದರೆ ಸಂಘಟಕರು ಬಂದು ಪ್ಲಗ್ ಕೀಳುವ ಪ್ರಸಂಗ ಬರುವುದಿಲ್ಲ.