ರೋಮವಿದ್ದರೂ ಅಂಟಿರಲಿಲ್ಲ

ಟೊಮೆಟೊ ಬೆಳೆಗಾರರಿಗೆ ಬಿಳಿ ನೊಣ ಹೀರುವ ರಸಕ್ಕಿಂತ ಅದು ಹೊತ್ತು ತರುವ ಎಲೆ ಮುದುಡು ರೋಗದ ವೈರಸ್ಸೇ ದೊಡ್ಡ ಭಯ. ಔಷಧಿ ಹೊಡೆದು ಸಾಕಾಗಿ, ನೊಣ ಕೂರಲೂ ಆಗದಂಥ ಗಿಡ ಬೇಕೆಂದು ನಾನು ತಳಿ ಅಭಿವೃದ್ಧಿಗೆ ಇಳಿದೆ. ಆಯ್ದುಕೊಂಡದ್ದು ಗಲಾಪಗೋಸ್ ದ್ವೀಪಗಳ ಕಾಡು ಟೊಮೆಟೊ, ಸೊಲಾನಮ್ ಗಲಾಪಗೆನ್ಸೆ. ಬೆಳೆಸಿದ ಟೊಮೆಟೊ ಜೊತೆ ಅದು ಸಲೀಸಾಗಿ ಸಂಕರಗೊಳ್ಳುತ್ತದೆ. ಅದರ ಎಲೆಯ ತುಂಬ ‘ನಾಲ್ಕನೇ ಬಗೆ’ಯ ಗ್ರಂಥಿರೋಮಗಳು, ಅವುಗಳ ತುದಿಯಲ್ಲಿ ಅಸೈಲ್ ಸಕ್ಕರೆ ಎಂಬ ಅಂಟು ಒಸರುತ್ತದೆ. ನೊಣ ಅದರಲ್ಲಿ ಸಿಕ್ಕಿ ಸಾಯುತ್ತದೆ, ಇಲ್ಲವೇ ಮೊಟ್ಟೆಯಿಡದೆ ಬಿಡುತ್ತದೆ.

ಎರಡನೇ ಪೀಳಿಗೆಯ ಸಸಿಗಳು ಟ್ರೇಯಲ್ಲಿದ್ದಾಗಲೇ ಭೂತಕನ್ನಡಿ ಹಿಡಿದು ಕೂತೆ. ನೋಡಿದ ಸಸಿಯಲ್ಲೆಲ್ಲ ರೋಮ! ಹಿಗ್ಗಿ, ಚೆನ್ನಾಗಿ ಕಂಡವನ್ನು ಆರಿಸಿ ನೆಟ್ಟೆ. ಹೂ ಬಿಡುವ ಹೊತ್ತಿಗೆ ಹೆಚ್ಚಿನವುಗಳ ಎಲೆ ಬೋಳಾಗಿತ್ತು. ಸಾಮಾನ್ಯ ಟೊಮೆಟೊದಲ್ಲೂ ಬೀಜದಳ ಮತ್ತು ಮೊದಲ ಎಲೆಗಳ ಮೇಲೆ ಈ ರೋಮ ಇರುತ್ತದೆ, ಗಿಡ ಬೆಳೆದಂತೆ ಇಲ್ಲವಾಗುತ್ತದೆ. ಬಲಿತ ಗಿಡದಲ್ಲೂ ಅದನ್ನು ಉಳಿಸಿಕೊಳ್ಳುವುದೇ ಕಾಡು ವಂಶವಾಹಿಗಳ ಕೆಲಸ. ಇಷ್ಟು ತಿಳಿಯುವಷ್ಟರಲ್ಲಿ ಒಂದು ಹಂಗಾಮು ಕೈಬಿಟ್ಟಿತ್ತು.

ಮುಂದಿನ ಸಲ ಬಲಿತ ಎಲೆಗಳನ್ನೇ ಪರೀಕ್ಷಿಸಿ ಆರಿಸಿದೆ. ಆರಿಸಿದ ಪ್ರತಿ ಗಿಡದ ಎಲೆಗೂ ಪುಟ್ಟ ಪಂಜರ ಕಚ್ಚಿಸಿ, ಒಳಗೆ 20 ಹೆಣ್ಣು ನೊಣ ಬಿಟ್ಟು, 5 ದಿನದ ಮೇಲೆ ಸತ್ತ ನೊಣಗಳನ್ನೂ ಇಟ್ಟ ಮೊಟ್ಟೆಗಳನ್ನೂ ಎಣಿಸಿದೆ. ಕಣ್ಣು ಉರಿಯುವ ಕೆಲಸ, ಆದರೆ ಇದಕ್ಕೆ ಬದಲಿಯಿಲ್ಲ. ದಟ್ಟ ರೋಮದ ಕೆಲವು ಗಿಡಗಳಲ್ಲೂ ಮೊಟ್ಟೆ ತುಂಬಿತ್ತು! ಎಲೆ ಸವರಿದರೆ ಬೆರಳಿಗೆ ಅಂಟು ಹತ್ತಲಿಲ್ಲ. ರೋಮ ಮೂಡಿಸುವ ವಂಶವಾಹಿ ಬಂದಮಾತ್ರಕ್ಕೆ ಅಂಟು ತಯಾರಿಸುವ ವಂಶವಾಹಿಗಳೆಲ್ಲ ಜೊತೆಗೆ ಬರಬೇಕೆಂದಿಲ್ಲ. ಅಂದಿನಿಂದ ಬೆರಳಿನ ಪರೀಕ್ಷೆ ಮೊದಲು, ಭೂತಕನ್ನಡಿ ಆಮೇಲೆ.

ಕಾಡು ತಳಿಯ ಹಣ್ಣು ಗೋಲಿಗಿಂತ ದೊಡ್ಡದಲ್ಲ. ಹಾಗಾಗಿ ಪ್ರತಿ ಪೀಳಿಗೆಯನ್ನೂ ಮತ್ತೆ ಒಳ್ಳೆಯ ಟೊಮೆಟೊ ತಳಿಗೇ ಸಂಕರಿಸುತ್ತಾ ಬಂದಿದ್ದೇನೆ. ಈ ರೋಮಕ್ಕೆ ಸಂಬಂಧಿಸಿದ ಎರಡನೇ ವರ್ಣತಂತುವಿನ ಡಿಎನ್‌ಎ ಗುರುತು ಹಿಡಿದು ಸಸಿಯಲ್ಲೇ ಜರಡಿ ಹಿಡಿಯುವುದರಿಂದ ಈಗ ಶ್ರಮ ಬಹಳ ಉಳಿದಿದೆ.

ಈಗ ನನ್ನನ್ನು ಕಾಡುವುದು ಎನ್‌ಕಾರ್ಸಿಯಾ ಕಣಜ. ಬಿಳಿ ನೊಣದ ಮರಿಗಳೊಳಗೆ ಮೊಟ್ಟೆಯಿಡುವ ಈ ಮಿತ್ರಕೀಟಕ್ಕೂ ರೋಮದ ಎಲೆಯ ಮೇಲೆ ಓಡಾಟ ಕಷ್ಟ. ಅದಕ್ಕೇ ಈ ಹಂಗಾಮಿನಲ್ಲಿ ನೊಣಗಳ ಜೊತೆ ಕಣಜಗಳನ್ನೂ ಎಣಿಸುತ್ತಿದ್ದೇನೆ.