ಮೊದಲು ಪಿ ಹುಡುಕಿ, ಹೆಸರು ಆಮೇಲೆ

ನಾನು ಐಸಿಯು ನರ್ಸ್. ಇಸಿಜಿ ಓದುವುದು ಡಾಕ್ಟರ ಕೆಲಸ ಅಂತ ಸುಮ್ನೆ ಇದ್ದುಬಿಡಬಹುದು. ಆದರೆ ನಡುರಾತ್ರಿ ಮಾನಿಟರ್ ಅಲಾರಂ ಹೊಡೆದುಕೊಂಡಾಗ ಮೊದಲು ಓಡುವವರು ನಾವೇ ಅಲ್ವಾ? ಫೋನಿನಲ್ಲಿ "ಏನೋ ಒಂಥರಾ ಇದೆ ಸರ್" ಅಂದರೆ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ.

ಚಿತ್ರ ನೋಡಿ ಬಾಯಿಪಾಠ ಮಾಡುವುದನ್ನು ನನಗೆ ಬಿಡಿಸಿದ್ದು ಒಬ್ಬ ಸೀನಿಯರ್ ಸಿಸ್ಟರ್. ಸ್ಟ್ರಿಪ್ (ಇಸಿಜಿ ಕಾಗದದ ಪಟ್ಟಿ) ಕೈಗೆ ಕೊಟ್ಟು, "ರಿದಮ್ ಹೆಸರು ಹೇಳ್ಬೇಡ, ಏನು ಕಾಣ್ತಿದೆ ಅಷ್ಟು ಹೇಳು" ಅನ್ನುತ್ತಿದ್ದರು.

ಕಾಗದದ ಲೆಕ್ಕ ಬೇಗ ಬರುತ್ತದೆ. ಸಾಮಾನ್ಯವಾಗಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಹಾಗಾಗಿ ಚಿಕ್ಕ ಚೌಕ 0.04 ಸೆಕೆಂಡ್, ದೊಡ್ಡದು 0.2. ಎರಡು ಬಡಿತಗಳ ನಡುವಿನ ದೊಡ್ಡ ಚೌಕ ಎಣಿಸಿ 300ನ್ನು ಅದರಿಂದ ಭಾಗಿಸಿದರೆ ರೇಟ್, ಅಂದರೆ ನಿಮಿಷಕ್ಕೆ ಎಷ್ಟು ಬಡಿತ. ಬಡಿತ ಏರುಪೇರಾಗಿದ್ದರೆ ಇದು ನಡೆಯಲ್ಲ. ಆಗ 10 ಸೆಕೆಂಡಿನಲ್ಲಿ ಎಷ್ಟು ಕ್ಯೂಆರ್‌ಎಸ್ (ಪ್ರತಿ ಬಡಿತದ ಚೂಪಾದ ದೊಡ್ಡ ಗೆರೆ) ಇವೆ ಎಂದು ಎಣಿಸಿ 6ರಿಂದ ಗುಣಿಸುತ್ತೇನೆ. ಕ್ಯೂಆರ್‌ಎಸ್ ಮೂರು ಚಿಕ್ಕ ಚೌಕಕ್ಕಿಂತ ಅಗಲ ಇದೆಯಾ ಅನ್ನುವುದನ್ನೂ ಆಗಲೇ ನೋಡಿಕೊಳ್ಳುತ್ತೇನೆ.

ನಿಜವಾದ ಕೆಲಸ ಪಿ ಅಲೆಯದು. ಸಾಮಾನ್ಯವಾಗಿ ಕ್ಯೂಆರ್‌ಎಸ್‌ಗೆ ಮುಂಚೆ ಬರುವ ಆ ಸಣ್ಣ ಉಬ್ಬು ಹೃದಯದ ಮೇಲಿನ ಕೋಣೆಗಳ ಗುರುತು, ಕ್ಯೂಆರ್‌ಎಸ್ ಕೆಳಗಿನ ಕೋಣೆಗಳದು. ಇಬ್ಬರೂ ಮಾತಾಡಿಕೊಂಡು ಕೆಲಸ ಮಾಡುತ್ತಿದ್ದಾರಾ ಅನ್ನುವುದೇ ಪ್ರಶ್ನೆ. ಇದಕ್ಕೆ ನಾನು ಬಳಸುವುದು ಒಂದು ಖಾಲಿ ಕಾಗದದ ಅಂಚು, ಒಂದು ಪೆನ್ಸಿಲ್.

ಒಮ್ಮೆ ವಯಸ್ಸಾದ ರೋಗಿಯೊಬ್ಬರ ರೇಟ್ 38ಕ್ಕೆ ಇಳಿದಿತ್ತು. ಕ್ಯೂಆರ್‌ಎಸ್‌ಗಳ ನಡುವೆ ಸರಿಯಾಗಿ ಎಂಟು ದೊಡ್ಡ ಚೌಕ. ನೋಡಿದ ಕೂಡಲೇ ನಿಧಾನದ ಸೈನಸ್, ಅಂದರೆ ಮಾಮೂಲಿ ರಿದಮ್ಮೇ ನಿಧಾನವಾಗಿದೆ ಅನ್ನಿಸುವಂತಿತ್ತು. ಎರಡು ಪಿಗಳು ಚೆನ್ನಾಗಿ ಕಾಣುವ ಜಾಗದಲ್ಲಿ ಕಾಗದ ಇಟ್ಟು ಗುರುತು ಹಾಕಿದೆ: 18 ಚಿಕ್ಕ ಚೌಕ. ಅದೇ ಅಳತೆಯಲ್ಲಿ ಕಾಗದ ಸರಿಸುತ್ತಾ ಹೋದೆ. ಒಂದು ಪಿ, ಕ್ಯೂಆರ್‌ಎಸ್ ಆದಮೇಲೆ ಬರುವ ಟಿ ಅಲೆಯ ಮೈಮೇಲೆ ಸಣ್ಣ ಉಬ್ಬಾಗಿ ಸಿಕ್ಕಿತು, ಇನ್ನೊಂದು ಕ್ಯೂಆರ್‌ಎಸ್ ಒಳಗೆ ಮುಚ್ಚಿಹೋಗಿತ್ತು. ಪಿ ನಿಮಿಷಕ್ಕೆ 83, ಕ್ಯೂಆರ್‌ಎಸ್ 38. ಎರಡೂ ತಮ್ಮ ಪಾಡಿಗೆ ತಾವು ಸಮವಾಗಿ ಓಡುತ್ತಿದ್ದವು, ಪಿಆರ್ ಅಂತರಕ್ಕೆ (ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗೆ) ಮಾತ್ರ ತಲೆಬುಡ ಇಲ್ಲ. ಕಂಪ್ಲೀಟ್ ಹಾರ್ಟ್ ಬ್ಲಾಕ್: ಮೇಲಿನ ಕೋಣೆಯ ಸಂದೇಶ ಒಂದೂ ಕೆಳಗೆ ತಲುಪುತ್ತಿಲ್ಲ. ಬಿಪಿ ನೋಡಿ, ಹೊರಗಿನಿಂದಲೇ ಹೃದಯ ಬಡಿಸುವ ಪೇಸಿಂಗ್ ಪ್ಯಾಡ್ ಹತ್ತಿರ ಇಟ್ಟುಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ಈ ಸಲ "ಒಂಥರಾ" ಅನ್ನಬೇಕಾಗಲಿಲ್ಲ.

ವೆಂಕೆಬಾಕ್ ಅನ್ನುವ ಬ್ಲಾಕ್ ಇದಕ್ಕಿಂತ ಸಭ್ಯ. ಪಿಆರ್ ಉದ್ದವಾಗುತ್ತಾ ಹೋಗಿ ಒಂದು ಬಡಿತ ಬಿಟ್ಟುಹೋಗುತ್ತದೆ, ಮತ್ತೆ ಮೊದಲಿಂದ ಶುರು. 1899ರಲ್ಲಿ ಡಾಕ್ಟರ್ ವೆಂಕೆಬಾಕ್ ಇದನ್ನು ಕಂಡುಕೊಂಡಿದ್ದು ನಾಡಿಯ ರೇಖೆ ನೋಡಿ. ನಾನೂ ಸ್ಟ್ರಿಪ್ ನೋಡುವಾಗ ಒಂದು ಕೈಯನ್ನು ರೋಗಿಯ ನಾಡಿಯ ಮೇಲೆ ಇಟ್ಟಿರುತ್ತೇನೆ.

ತುಂಬ ಕಾಡುವುದು 150. ಬಡಿತ ಸಮವಾಗಿದೆ, ಕ್ಯೂಆರ್‌ಎಸ್ ಸಣ್ಣಗಿದೆ, ರೇಟ್ 150ರ ಆಸುಪಾಸಿನಲ್ಲೇ ಅಂಟಿಕೊಂಡು ನಿಂತಿದೆ ಅಂದರೆ ನನಗೆ ಅನುಮಾನ ಜಾಸ್ತಿ. ಫ್ಲಟರ್ ಅನ್ನುವ ರಿದಮ್‌ನಲ್ಲಿ ಮೇಲಿನ ಕೋಣೆ ನಿಮಿಷಕ್ಕೆ ಸುಮಾರು 300 ಸಲ ಬಡಿಯುತ್ತದೆ, ಎರಡಕ್ಕೊಂದು ಮಾತ್ರ ಕೆಳಗಿಳಿಯುತ್ತದೆ. ಫ್ಲಟರ್‌ನ ಗುರುತಾದ ಗರಗಸದ ಹಲ್ಲಿನಂಥ ಅಲೆ ಹುಡುಕುತ್ತಾ ಕೂತರೆ ಇದು ಎಷ್ಟೋ ಸಲ ತಪ್ಪಿಹೋಗುತ್ತದೆ. ಎರಡು ಕ್ಯೂಆರ್‌ಎಸ್‌ಗಳ ಸರಿ ಮಧ್ಯದಲ್ಲಿ ಒಂದು ಅಲೆ ಇದೆಯಾ ಎಂದು ಲೀಡ್ 2 ಮತ್ತು ವಿ1ರಲ್ಲಿ (ಇಸಿಜಿಯ ಎರಡು ಬೇರೆ ನೋಟಗಳು) ನೋಡುತ್ತೇನೆ.

ಇನ್ನು ಹಲ್ಲುಜ್ಜುತ್ತಾ ಕೂತವರ ವಿಟಿ (ಕೆಳಗಿನ ಕೋಣೆಗಳಿಂದಲೇ ಹುಟ್ಟುವ ಅಪಾಯದ ವೇಗದ ಬಡಿತ)! ಕೈ ಅಲುಗಾಟವೇ ಪರದೆಯ ಮೇಲೆ ಥೇಟ್ ಹಾಗೇ ಕಾಣುತ್ತದೆ. ಮೊದಲು ರೋಗಿಯ ಮುಖ ನೋಡಬೇಕು, ಆಮೇಲೆ ಬೆರಳಿನ ಆಕ್ಸಿಜನ್ ಕ್ಲಿಪ್ಪಿನ ಸ್ಯಾಚುರೇಶನ್ ಅಲೆ. ಸ್ಟ್ರಿಪ್ ತೆಗೆದು ಕಾಗದದ ಅಂಚು ಸರಿಸಿದರೆ, ಆ ಗಲಾಟೆಯ ಮಧ್ಯೆಯೂ ಚೂಪಾದ ಕ್ಯೂಆರ್‌ಎಸ್‌ಗಳು ಹಳೆಯ ಅಂತರದಲ್ಲೇ ಬರುತ್ತಿರುತ್ತವೆ. ಪಾರ್ಕಿನ್ಸನ್ ನಡುಕವೂ ಹೀಗೇ ಆಟ ಆಡಿಸುತ್ತದೆ.

ಮಷಿನ್ ಮೇಲ್ಗಡೆ ಪ್ರಿಂಟ್ ಮಾಡುವ ರಿಪೋರ್ಟನ್ನು ನಾನು ಮೊದಲು ಓದುವುದಿಲ್ಲ. ಆ ಭಾಗ ಹಿಂದಕ್ಕೆ ಮಡಚಿ, ನನ್ನ ಓದು ಮುಗಿಸಿ, ಆಮೇಲೆ ಬಿಚ್ಚುತ್ತೇನೆ. ನಮ್ಮಿಬ್ಬರ ಮಾತು ಬೇರೆಯಾದರೆ ಹಳೆಯ ಇಸಿಜಿ ಹೊರಗೆ ಬರುತ್ತದೆ, ಪೆನ್ಸಿಲ್ಲೂ ಮತ್ತೆ ಕೈಗೆ ಬರುತ್ತದೆ.