ಫ್ಯಾಕ್ಟರಿಗೆ ಎಚ್‌ಆರ್ ಸಾಫ್ಟ್‌ವೇರ್ ತಗೊಳ್ತಿದ್ದೀರಾ? ಮೊದಲು ನಿಮ್ಮ ಹಾಜರಿ ಮಸ್ಟರ್ ಕೊಟ್ಟು ನೋಡಿ

ಎಚ್‌ಆರ್ ಸಾಫ್ಟ್‌ವೇರ್ ಮಾರೋಕೆ ಬರುವವರ ಡೆಮೊ ಯಾವಾಗಲೂ ಚೆನ್ನಾಗೇ ಇರುತ್ತದೆ. ಬಣ್ಣಬಣ್ಣದ ಡ್ಯಾಶ್‌ಬೋರ್ಡ್, ಹುಟ್ಟುಹಬ್ಬದ ಶುಭಾಶಯ, ಮೊಬೈಲಲ್ಲೇ ರಜೆ ಅರ್ಜಿ. ಐಟಿ ಕಂಪನಿಗೆ ಇಷ್ಟು ಸಾಕಾಗಬಹುದು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಬೆಳಗಾವಿಯ ಫೌಂಡ್ರಿಯಲ್ಲೋ ಇನ್ನೂರು ಜನ ಮೂರು ಶಿಫ್ಟಲ್ಲಿ ದುಡಿಯುವ ಕಡೆ ಇದೆಲ್ಲ ಆಮೇಲಿನ ಮಾತು. ಅಲ್ಲಿ ತಿಂಗಳ ಕೊನೆಗೆ ಹಾಜರಿ, ಓಟಿ (ಓವರ್‌ಟೈಮ್), ಕಡಿತ ಮೂರೂ ತಾಳೆಯಾಗಬೇಕು, ಸಂಬಳ ಹೇಳಿದ ದಿನ ಖಾತೆಗೆ ಬೀಳಬೇಕು.

ಹಾಗಾಗಿ ಅವರು ತರುವ ಸ್ಯಾಂಪಲ್ ಡೇಟಾ ನೋಡಲೇಬೇಡಿ. ನಿಮ್ಮದೇ ಕಳೆದ ತಿಂಗಳ ಪಂಚ್ ಡೇಟಾ (ಯಾರು ಯಾವಾಗ ಒಳಗೆ ಬಂದು ಹೊರಗೆ ಹೋದರು ಅನ್ನುವ ಮೆಷಿನ್ ದಾಖಲೆ) ಕೊಡಿ, ಅದೂ ಅತಿ ಜಾಸ್ತಿ ಗೋಜಲಿರುವ ಡಿಪಾರ್ಟ್‌ಮೆಂಟಿನದು. ಹೆಸರು, ಆಧಾರ್ ತೆಗೆದುಹಾಕಿ, ಕೆಲಸಗಾರರ ಟೋಕನ್ ನಂಬರ್ ಮಾತ್ರ ಇಡಿ. ಆಮೇಲೆ ನಿಮ್ಮ ಪೇರೋಲ್ ಕ್ಲರ್ಕ್ ಹಾಕಿದ ಲೆಕ್ಕವನ್ನೂ ಸಾಫ್ಟ್‌ವೇರ್ ಹಾಕಿದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ವ್ಯತ್ಯಾಸ ಬಂತೋ ಆ ಒಂದೊಂದು ಟೋಕನ್ನಿಗೂ ಯಾಕೆ ಅಂತ ಕೇಳಿ. ಕೆಲವು ಕಡೆ ಕ್ಲರ್ಕೇ ತಪ್ಪು ಮಾಡಿರುತ್ತಾರೆ, ಅದೂ ಗೊತ್ತಾಗಲಿ. ಈ ಪರೀಕ್ಷೆಗೆ ಒಪ್ಪದ ಕಂಪನಿಯ ಜೊತೆ ಮುಂದಿನ ಮಾತು ಬೇಡ.

ಮೊದಲು ಎಡವುವುದು ಸಿ ಶಿಫ್ಟಲ್ಲಿ, ಅಂದರೆ ರಾತ್ರಿ ಪಾಳಿಯಲ್ಲಿ. ಸೋಮವಾರ ರಾತ್ರಿ 10ಕ್ಕೆ ಒಳಗೆ ಬಂದವನು ಮಂಗಳವಾರ ಬೆಳಿಗ್ಗೆ 6ಕ್ಕೆ ಹೊರಗೆ ಹೋಗುತ್ತಾನೆ. ಆಫೀಸಿಗೆ ಅಂತಲೇ ಮಾಡಿದ ಸಾಫ್ಟ್‌ವೇರ್ ಸೋಮವಾರ ಔಟ್ ಪಂಚ್ ಇಲ್ಲ, ಮಂಗಳವಾರ ಇನ್ ಪಂಚ್ ಇಲ್ಲ ಅಂತ ಎರಡು ದಿನವೂ ಗೈರು ಹಾಕಿಬಿಡುತ್ತದೆ. ಇಷ್ಟನ್ನು ಈಗ ಬಹಳಷ್ಟು ಸಾಫ್ಟ್‌ವೇರ್‌ಗಳು ನಿಭಾಯಿಸುತ್ತವೆ ಬಿಡಿ. ಕಷ್ಟ ಇರುವುದು ಮುಂದಿನದರಲ್ಲಿ. ಅವನ ಜಾಗಕ್ಕೆ ಬರಬೇಕಿದ್ದ ರಿಲೀವರ್ ಬರಲಿಲ್ಲ, ಸೂಪರ್‌ವೈಸರ್ ಅದೇ ಮನುಷ್ಯನನ್ನು ಬೆಳಗಿನ ಎ ಶಿಫ್ಟಿಗೂ ನಿಲ್ಲಿಸಿಕೊಂಡರು, ಅವನು ಮಧ್ಯಾಹ್ನ 2ಕ್ಕೆ ಪಂಚ್ ಮಾಡಿ ಹೋದ. ಮಧ್ಯೆ ಪಂಚೇ ಇಲ್ಲ. ಇದು ಒಂದು ಹಾಜರಿ ಮತ್ತು 8 ಗಂಟೆ ಓಟಿಯಾ, ಎರಡು ಹಾಜರಿಯಾ, ಅಥವಾ ಮರೆತುಹೋದ ಪಂಚಾ? ಅದೇ ದಿನ ಅವನ ವಾರದ ರಜೆ ಆಗಿದ್ದರೆ? ಉತ್ತರವನ್ನು ಬಾಯಲ್ಲಿ ಹೇಳಿಸಿಕೊಳ್ಳಬೇಡಿ, ಸ್ಕ್ರೀನಲ್ಲಿ ತೋರಿಸಿ ಅನ್ನಿ. ಸೂಪರ್‌ವೈಸರ್ ಶಿಫ್ಟ್ ಬದಲಿಸಿದ್ದು, ಓಟಿ ಮಂಜೂರು ಮಾಡಿದ್ದು ಯಾರು, ಯಾವಾಗ ಅಂತ ದಾಖಲೆ ಉಳಿಯುತ್ತದಾ ಅದನ್ನೂ ನೋಡಿ. ಓಟಿ ಜಗಳಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ.

ಓಟಿಗೆ ದುಪ್ಪಟ್ಟು ದರ ಅನ್ನುವುದು ಎಲ್ಲರಿಗೂ ಗೊತ್ತು. ಯಾವುದರ ದುಪ್ಪಟ್ಟು ಅನ್ನುವುದರಲ್ಲಿ ಎಡವಟ್ಟಾಗುತ್ತದೆ. ಅದರಲ್ಲೂ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ವಾರ್ಷಿಕ ರಜೆಗೆ ಮೊದಲು 240 ದಿನ ದುಡಿದಿರಬೇಕಿತ್ತು, ಹೊಸ ಸಂಹಿತೆಯಲ್ಲಿ ಅದು 180 ದಿನ. ಸಾಫ್ಟ್‌ವೇರ್ ಮಾರುವವರಿಗೆ ಈ ಮೂರೂ ಗೊತ್ತಾ, ಗೊತ್ತಿದ್ದರೆ ಸೆಟ್ಟಿಂಗ್ ಎಲ್ಲಿದೆ ಅಂತ ಕೇಳಿ. ನಿಯಮ ಬದಲಾದಾಗ ಅಪ್‌ಡೇಟ್ ಪುಕ್ಕಟೆಯಾ ಅನ್ನುವುದು ಬರವಣಿಗೆಯಲ್ಲಿ ಬರಲಿ.

ಇಎಸ್‌ಐಗೆ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಒಂದು ಸಣ್ಣ ಪರೀಕ್ಷೆ ಇದೆ. ಸಂಬಳ 20,500 ಇರುವವನಿಗೆ ಜೂನ್‌ನಲ್ಲಿ 22,000 ಮಾಡಿ. 21,000ದ ಮಿತಿ ದಾಟಿತು ಅಂತ ಸಾಫ್ಟ್‌ವೇರ್ ಜೂನ್‌ನಿಂದಲೇ ಕಡಿತ ನಿಲ್ಲಿಸಿದರೆ ತಪ್ಪು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅದು ಮುಗಿಯುವವರೆಗೂ ಕಡಿತ ನಡೆಯಬೇಕು. ವೃತ್ತಿ ತೆರಿಗೆ ನಮ್ಮ ಕರ್ನಾಟಕದಲ್ಲಿ ಸಂಬಳ 25,000 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಮಾತ್ರ, ತಿಂಗಳಿಗೆ 200, ಫೆಬ್ರವರಿಯಲ್ಲಿ 300, ಅದನ್ನೂ ನೋಡಿ. ಹೊರ ರಾಜ್ಯದ ಸಾಫ್ಟ್‌ವೇರ್ ಆದರೆ ರಜೆ ಪಟ್ಟಿಯಲ್ಲಿ ನವೆಂಬರ್ 1 ಇದೆಯಾ ನೋಡಿಕೊಳ್ಳಿ, ಆವತ್ತು ಸಂಬಳ ಸಹಿತ ರಜೆ ಕೊಡಲೇಬೇಕು. ಏಪ್ರಿಲ್ 1ಕ್ಕೆ ಡಿಎ (ತುಟ್ಟಿಭತ್ಯೆ) ಏರಿದಾಗ ಒಬ್ಬೊಬ್ಬರದೂ ಕೈಯಲ್ಲಿ ತಿದ್ದಬೇಕು ಅಂದರೆ, ಎಕ್ಸೆಲ್ಲೇ ಸಾಕಲ್ವಾ?

ಪಂಚಿಂಗ್ ಮೆಷಿನ್ ಬಗ್ಗೆ ಒಂದು ಮಾತು. ಗ್ರೈಂಡಿಂಗ್, ಮೌಲ್ಡಿಂಗ್ ಕೆಲಸದವರ ಬೆರಳಿನ ಗೆರೆ ಸವೆದಿರುತ್ತದೆ, ಮೇಲೆ ಕೂಲಂಟ್ ಎಣ್ಣೆ. ಒರೆಸಿ ಒರೆಸಿ ಇಟ್ಟರೂ ಮೆಷಿನ್ ತಗೊಳ್ಳುವುದಿಲ್ಲ. ಮುಖ ಗುರುತಿಸುವ ಮೆಷಿನ್ ವಾಸಿ, ಆದರೆ ಗೇಟಿನಲ್ಲಿ ಎದುರು ಬಿಸಿಲು ಬೀಳುವ ಕಡೆ ಹಾಕಿದರೆ ಅದೂ ಕೈಕೊಡುತ್ತದೆ. ಮಧ್ಯಾಹ್ನ 2ಕ್ಕೆ ಶಿಫ್ಟ್ ಬದಲಾಗುವಾಗ ಗೇಟ್ ಹತ್ತಿರ ನಿಂತು ಟ್ರಯಲ್ ಮಾಡಿಸಿ, ಕ್ಯೂ ಎಷ್ಟು ಉದ್ದ ಬೆಳೆಯುತ್ತದೆ ಗೊತ್ತಾಗುತ್ತದೆ. ನೆಟ್‌ವರ್ಕ್ ವೈರ್ ಕಿತ್ತು ನಾಲ್ಕು ಜನರ ಕೈಲಿ ಪಂಚ್ ಮಾಡಿಸಿ, ಮತ್ತೆ ಸಿಕ್ಕಿಸಿ. ಆ ನಾಲ್ಕೂ ಬಂದವಾ, ಒಂದೇ ಪಂಚ್ ಎರಡೆರಡು ಸಲ ಬಂತಾ ನೋಡಿ.

ಕಂಟ್ರಾಕ್ಟ್ ಕೆಲಸಗಾರರನ್ನು ಮರೆಯಬೇಡಿ. ಕಂಟ್ರಾಕ್ಟರ್ ಪಿಎಫ್, ಇಎಸ್‌ಐ ಕಟ್ಟದಿದ್ದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಪ್ರತಿ ಕಂಟ್ರಾಕ್ಟರ್ ಬಿಲ್ಲಿನ ತಲೆ ಲೆಕ್ಕವನ್ನು ಗೇಟ್ ಪಂಚಿನ ಜೊತೆ ತಾಳೆ ನೋಡುವ ರಿಪೋರ್ಟ್ ಇರಲೇಬೇಕು. ಇನ್ನು, ಬೆಲೆ ತಲೆಗಿಷ್ಟು ಅಂತ ಇರುತ್ತದೆ. ಅದರಲ್ಲಿ ಕಂಟ್ರಾಕ್ಟಿನವರೂ ಸೇರುತ್ತಾರಾ, ತಿಂಗಳ ಮಧ್ಯೆ ಬಿಟ್ಟು ಹೋದವರಿಗೂ ದುಡ್ಡಾ, ಮೆಷಿನ್ ಜೋಡಿಸೋಕೆ ಬೇರೆ ಚಾರ್ಜಾ, ಎಲ್ಲ ಮೊದಲೇ ಕೇಳಿ.

ಪೇ ಸ್ಲಿಪ್ ಕನ್ನಡದಲ್ಲಿ ಬರುತ್ತದೆ ಅಂದರೆ ಒಂದು ಪಿಡಿಎಫ್ ತೆಗೆಸಿ ಪ್ರಿಂಟ್ ಹಾಕಿ. ‘ಕೃಷ್ಣಪ್ಪ’ ಅನ್ನುವ ಹೆಸರಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿದ್ದರೆ ಅದು ಸುಮ್ನೆ ಹೇಳಿದ ಮಾತು. ಸ್ಮಾರ್ಟ್‌ಫೋನ್ ಬಳಸದವರು ಕ್ಯಾಂಟೀನ್ ಹತ್ತಿರದ ಒಂದು ಕಂಪ್ಯೂಟರಲ್ಲಿ ಟೋಕನ್ ನಂಬರ್ ಒತ್ತಿ ರಜೆ, ಓಟಿ ಗಂಟೆ ನೋಡುವಂತಿದ್ದರೆ ಎಚ್‌ಆರ್ ಕಿಟಕಿ ಮುಂದಿನ ಗುಂಪು ಅರ್ಧ ಕರಗುತ್ತದೆ.

ಬೆಂಗಳೂರಿನವೇ ಆದ ಗ್ರೇಟ್‌ಎಚ್‌ಆರ್, ಸರಳ್ ಪೇಪ್ಯಾಕ್ ಇವೆ, ಜೋಹೋ, ಕೇಕಾ ಇವೆ. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳುವ ಬದಲು, ನಿಮ್ಮಷ್ಟೇ ಜನ, ನಿಮ್ಮ ಹಾಗೇ ಮೂರು ಶಿಫ್ಟ್ ಇರುವ ಫ್ಯಾಕ್ಟರಿಯ ಎಚ್‌ಆರ್‌ಗೆ ಫೋನ್ ಮಾಡಿ. ಕಳೆದ ತಿಂಗಳ 30ರ ಸಂಜೆ ಸಪೋರ್ಟ್‌ನವರು ಫೋನ್ ಎತ್ತಿದರಾ ಅಂತ ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಆಯುಧಪೂಜೆ, ದೀಪಾವಳಿ ಬೋನಸ್ ಹೊತ್ತಲ್ಲಿ ಮಾತ್ರ ಶುರು ಮಾಡಬೇಡಿ. ಏಪ್ರಿಲ್ ಒಳ್ಳೆಯದು. ಎರಡು ತಿಂಗಳು ಹಳೆಯದು, ಹೊಸದು ಎರಡರಲ್ಲೂ ಸಂಬಳ ಮಾಡಿ, ಲೆಕ್ಕ ಪೈಸೆ ಪೈಸೆ ಕೂಡಿದ ಮೇಲೆ ಹಳೆಯದನ್ನು ಬಿಡಿ. ಮುಂದೊಂದು ದಿನ ಈ ಸಾಫ್ಟ್‌ವೇರ್ ಬಿಟ್ಟರೆ ಮಸ್ಟರ್, ವೇತನ ರಿಜಿಸ್ಟರ್, ರಜೆ ಬಾಕಿ ಎಲ್ಲವೂ ಎಕ್ಸೆಲಲ್ಲಿ ಪೂರ್ತಿ ನಿಮ್ಮ ಕೈಗೆ ಸಿಗಬೇಕು ಅನ್ನುವ ಸಾಲನ್ನು ಚೆಕ್ಕಿಗೆ ಸಹಿ ಹಾಕುವ ಮುಂಚೆಯೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.